ಕಡುಬಿನ ಇಂಗ್ಲಿಷ್ ಅರ್ಜಿ

ಅತ್ತೆ ಬರುತ್ತಿದ್ದ, ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಏರಿನಲ್ಲಿ ಉಸಿರುಗಟ್ಟಿ ನಿಂತು, ಅವರು ಕಚೇರಿ ಮುಚ್ಚಿದ ಮೇಲೆ ಕೊಪ್ಪ ಸೇರಬಹುದಿತ್ತು. ಹೊತ್ತಿಗೆ ಸರಿಯಾಗಿ ಸೇರಿದರೂ ಬೆಲ್ಲದ ಅರ್ಜಿ ನೋಡುವ ಸಾಹೇಬರು ನರಸಿಂಹರಾಜಪುರಕ್ಕೆ ಕ್ಯಾಂಪ್ ಹೋಗಿರಬಹುದಿತ್ತು. ಹೋಗದೆ ಇದ್ದರೂ ಅವತ್ತು ಅವರ ಹೊಟ್ಟೆ ಕೆಟ್ಟಿರಬಹುದಿತ್ತು. ಹೊಟ್ಟೆ ಕೆಟ್ಟವರ ಮುಂದೆ ಹೋಳಿಗೆಯ ವರ್ಣನೆ ಇಡುವಂಥ ಅವಿವೇಕ ಇನ್ನೊಂದಿಲ್ಲ. ನನ್ನ ಇಂಗ್ಲಿಷ್ ಓದಿ ಅವರು ನಗಬಹುದಿತ್ತು. ನಗದೆ, ಹೀಗೆ ಬರೆಯುವವನು ಮಕ್ಕಳಿಗೆ ಏನು ಕಲಿಸುತ್ತಾನೆ ಎಂದು ಮೇಲಿನವರಿಗೆ ಒಂದು ಸಾಲು ಹಾಕಬಹುದಿತ್ತು. ಅದಕ್ಕಿಂತ ನಕ್ಕರೇ ವಾಸಿ. ಸರ್ಕಾರಿ ಶಾಲೆಯ ಮೇಷ್ಟ್ರು ನೆಂಟರ ಪರವಾಗಿ ಅರ್ಜಿ ಬರೆಯಕೂಡದೆಂಬ ನಿಯಮ ಎಲ್ಲೋ ಇದ್ದು, ಅದು ಜಗತ್ತಿನಲ್ಲಿ ನನಗೊಬ್ಬನಿಗೆ ಮಾತ್ರ ಗೊತ್ತಿಲ್ಲದೆ ಇರಬಹುದಿತ್ತು. ಬೆಲ್ಲ ಮಂಜೂರಾಗಿಯೂ ಡಿಪೋದಲ್ಲಿ ಬೆಲ್ಲವೇ ಇಲ್ಲದಿರಬಹುದಿತ್ತು. ಇದ್ದ ಬೆಲ್ಲದಲ್ಲಿ ಕಲ್ಲಿರಬಹುದಿತ್ತು. ಆ ಕಲ್ಲು ಹೊಸ ಅಳಿಯನ ಹಲ್ಲಿಗೇ ಸಿಕ್ಕಬಹುದಿತ್ತು. ಹಲ್ಲು ಮುರಿದ ಅಳಿಯ ಊಟ ಬಿಟ್ಟು ಎದ್ದು ಹೋದರೆ ಏನು ಗತಿ ಎಂಬುದನ್ನು ಯೋಚಿಸುವ ಧೈರ್ಯ ನನಗಿರಲಿಲ್ಲ, ಆದರೂ ಎರಡು ದಿನ ಯೋಚಿಸಿದೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಓದುವವರು ಸುಮ್ಮನೆ ಉಸಿರು ಬಿಗಿಹಿಡಿದು ಕೂರುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಉಸಿರು ಬಿಗಿಹಿಡಿಯುವ ಕೆಲಸವನ್ನು ಎಲ್ಲರ ಪರವಾಗಿ ನಾನೇ ಆಗ ಮಾಡಿ ಮುಗಿಸಿದ್ದೇನೆ.

ಯುದ್ಧದ ಕೊನೆಯ ವರ್ಷಗಳು. ನಾನು ಕೊಪ್ಪದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ, ಪುಸ್ತಕದಲ್ಲಿ ಇದ್ದದ್ದನ್ನು ಗಟ್ಟಿಯಾಗಿ ಓದಿ, ಹುಡುಗರಿಂದ ಇನ್ನೂ ಗಟ್ಟಿಯಾಗಿ ಓದಿಸುತ್ತಿದ್ದೆ. ಆ ಪುಸ್ತಕದೊಳಗಿನ ಮಕ್ಕಳು ಹಬ್ಬದ ದಿನ ಪ್ಲಮ್ ಪುಡ್ಡಿಂಗ್ ಎಂಬುದನ್ನು ತಿನ್ನುತ್ತಿದ್ದರು. ಅದೇನೆಂದು ಒಂದು ವರ್ಷ ಒಬ್ಬ ಹುಡುಗ ಕೇಳಿದಾಗ, ಗೊತ್ತಿಲ್ಲ ಎನ್ನಲಾರದೆ, 'ಒಂದು ಥರದ ಹಲ್ವ' ಎಂದಿದ್ದೆ. ಇವತ್ತಿಗೂ ನಾನು ಪ್ಲಮ್ ಪುಡ್ಡಿಂಗ್ ನೋಡಿಲ್ಲ. ಅದು ಹಲ್ವವಲ್ಲದೆ ಇದ್ದರೆ ಆ ಹುಡುಗ ಎಲ್ಲಿಯಾದರೂ ಅವಮಾನಕ್ಕೆ ಗುರಿಯಾಗಿರಬಹುದೇ ಎಂದು ಈಗಲೂ ಆಗಾಗ ಅನ್ನಿಸುತ್ತದೆ.

ಆಗ ಅಕ್ಕಿ, ಬೆಲ್ಲ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕಂಟ್ರೋಲು. ಕಾರ್ಡಿಗೆ ಸಿಗುವ ಬೆಲ್ಲ ಕಾಫಿಗೇ ಮುಗಿಯುತ್ತಿತ್ತು. ಮದುವೆ, ಹಬ್ಬ ಅಂತ ಹೆಚ್ಚಿಗೆ ಬೇಕಾದವರು ಸಪ್ಲೈ ಆಫೀಸರಿಗೆ ಅರ್ಜಿ ಹಾಕಬೇಕು. ಆ ವರ್ಷ ಬಂದಿದ್ದ ಆಫೀಸರು ಎಲ್ಲಿಂದಲೋ ಎರವಲಾಗಿ ಬಂದವರು. ಕನ್ನಡದಲ್ಲಿ ಎರಡು ಮಾತು ಆಡಬಲ್ಲರು, ಓದಲು ಒಂದಕ್ಷರವೂ ಬಾರದು. ಕನ್ನಡದ ಅರ್ಜಿಗಳನ್ನು ಒಬ್ಬ ಗುಮಾಸ್ತ ಇಂಗ್ಲಿಷಿಗೆ ತಿರುಗಿಸಿ ಮೇಲೆ ಕಳಿಸಬೇಕಿತ್ತು. ಅವನೂ ಮನುಷ್ಯನೇ. ಗೌರಿಹಬ್ಬಕ್ಕೆ ಕೇಳಿದ ಬೆಲ್ಲ ಮಹಾನವಮಿಗೆ ಮಂಜೂರಾದ ಉದಾಹರಣೆ ಊರಲ್ಲಿತ್ತು. ಇಂಗ್ಲಿಷಿನಲ್ಲೇ ಬರೆದು ತಂದ ಅರ್ಜಿ ಮಾತ್ರ ನೇರವಾಗಿ ಸಾಹೇಬರ ಮೇಜಿಗೆ ಹೋಗಿ, ಅವತ್ತೇ ಹೌದೋ ಅಲ್ಲವೋ ಆಗಿಬಿಡುತ್ತಿತ್ತು. ಅರ್ಜಿಯ ನಮೂನೆಯಲ್ಲಿ ಮೂರು ಕಾಲಮ್ಮು: ಪದಾರ್ಥದ ಹೆಸರು, ಅದರ ಸ್ವರೂಪ, ಅದರ ಅಗತ್ಯ.

ಮೇಗುಂದದ ಕಡೆ ನನ್ನ ಸೋದರತ್ತೆಯ ಮನೆ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಆ ಬೇಸಿಗೆಯಲ್ಲಿ ಅವಳ ಮದುವೆಯಾಗಿತ್ತು, ಶೃಂಗೇರಿಯ ಆಚೆಗೆ ಕೊಟ್ಟಿದ್ದರು. ಮದುವೆಯ ಊಟಕ್ಕೂ ಕಂಟ್ರೋಲಿನ ಬೆಲ್ಲವೇ. ಪಾಯಸ ಮಾಡಿದ್ದು ಹೌದು, ಅದು ಸಿಹಿ ಇರಲಿಲ್ಲವೆಂಬುದೂ ಹೌದು. ಬೀಗಿತ್ತಿ ಊಟದ ಹೊತ್ತಿನಲ್ಲಿ ಏನೂ ಹೇಳಲಿಲ್ಲ. ಆಮೇಲೆ ಸೊಸೆಯ ಹತ್ತಿರ ಹೇಳಲು ಶುರು ಮಾಡಿದರು. ಬೆಲ್ಲದ ಡಬ್ಬಿ ಮುಟ್ಟಿದಾಗಲೆಲ್ಲ, "ಇದು ಬೆಲ್ಲ ಕಣೆ, ನಿಂಗೆ ಗುರ್ತು ಸಿಕ್ತಾ? ನಿಮ್ಮನೇಲಿ ನೋಡಿರ್ತ್ಯೋ ಇಲ್ವೋ" ಎನ್ನುವರಂತೆ. ಗೌರಿಹಬ್ಬಕ್ಕೆ ಬಂದ ಮಗಳು ಇದನ್ನು ನಗುತ್ತ ನಗುತ್ತಲೇ ಹೇಳಿದಳು. ಹೇಳುವಾಗ ಸೆರಗಿನ ಅಂಚನ್ನು ಮಡಚಿ ಮಡಚಿ ಬೀಡಿಯಷ್ಟು ಸಣ್ಣ ಮಾಡಿದ್ದನ್ನು ಅತ್ತೆ ನೋಡಿದ್ದರು.

ದೀಪಾವಳಿಗೆ ಹೊಸ ಅಳಿಯ ಬರಬೇಕು, ಮೂರು ದಿನ ಇರಬೇಕು. ಆ ಮೂರು ದಿನ ಅವನ ಎಲೆಯ ಮೇಲೆ ಏನು ಬೀಳುತ್ತದೋ ಅದು ಅವನ ಬಾಯಿಂದ ಅವನ ತಾಯಿಯ ಕಿವಿಗೆ ಹೋಗುತ್ತದೆ. ಅಲ್ಲಿಂದಾಚೆ ಮಗಳು ಆ ಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ಹೇಗೆ ಮುಟ್ಟುತ್ತಾಳೆ ಎಂಬುದು ನಿರ್ಧಾರವಾಗುತ್ತದೆ. ಅತ್ತೆಯ ಲೆಕ್ಕ ಇಷ್ಟೇ. ಕಡುಬು, ಹೋಳಿಗೆ, ತೊಡೆದೇವು, ಇವು ಮೂರೂ ಆಗಬೇಕು. ಅದಕ್ಕೆ ಹನ್ನೆರಡು ಅಚ್ಚು ಬೆಲ್ಲ ಬೇಕು. ಅದಕ್ಕೆ ನಾನು ಬೇಕು.

ಒಂದು ಭಾನುವಾರ ಶಾಲೆಯ ದಪ್ಪ ನಿಘಂಟನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ನಿಘಂಟು ಶಾಲೆಯಿಂದ ಹೊರಗೆ ಹೋಗಬಹುದೇ ಎಂಬ ಇನ್ನೊಂದು ಚಿಂತೆಯೂ ಆ ಚೀಲದಲ್ಲಿತ್ತು. ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತು, ಮೊದಲ ಕರಡು ಬರೆದು ಮುಗಿಸಿ, ಮುಗೀತು ಅತ್ತೆ ಎಂದೆ.

"ಎಂತ ಬರ್ದೆ, ಓದು."

ಓದಿದೆ.

"ಇಂಗ್ಲಿಷಲ್ಲಿ ಓದಿದ್ರೆ ನಂಗೆಂತ ಗೊತ್ತಾಗ್ತದೆ ಮಾಣಿ? ಕನ್ನಡದಲ್ಲಿ ಹೇಳು." ನನಗೆ ಮೂವತ್ತೈದು ದಾಟಿ, ಕಿವಿಯ ಪಕ್ಕ ಬೆಳ್ಳಗಾಗಿದ್ದರೂ ಅತ್ತೆಗೆ ನಾನು ಮಾಣಿಯೇ.

ಕಡುಬಿಗೆ ನಾನು ಡಂಪ್ಲಿಂಗ್ ಎಂದು ಬರೆದಿದ್ದೆ. ನಿಘಂಟಿನಲ್ಲಿ ಅದಕ್ಕಿದ್ದ ಅರ್ಥವನ್ನು ಪ್ರಾಮಾಣಿಕವಾಗಿ ಕನ್ನಡಕ್ಕೆ ತಿರುಗಿಸಿದೆ. "ಬೇಯಿಸಿದ ಹಿಟ್ಟಿನ ಮುದ್ದೆ."

ಅತ್ತೆ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಎಂತ ಅಂದೆ?"

"ಒಳಗೆ ಸಿಹಿ ಇರುವ ಮುದ್ದೆ ಅತ್ತೆ."

"ಅಳಿಯಂಗೆ ದೀಪಾವಳಿಗೆ ಮುದ್ದೆ ಬಡಿಸ್ತೆ ಅಂತ ಸರ್ಕಾರಕ್ಕೆ ಬರ್ದು ಕೊಡ್ತ್ಯಾ? ಮುಂದೆ ಎಂತ ಬರ್ದಿದ್ದಿ ಹೇಳು, ಹೋಳಿಗೆಗೆ ಎಂತ?"

ಹೋಳಿಗೆಗೆ ಪ್ಯಾನ್‌ಕೇಕ್ ಎಂದಿತ್ತು. "ಬೇಳೆ ತುಂಬಿದ ದೋಸೆ" ಎಂದೆ, ಸ್ವರ ತಗ್ಗಿಸಿ.

"ಸೈ! ತೊಡೆದೇವಿಗೆ?"

ಮಡಕೆಯನ್ನು ಬೋರಲು ಹಾಕಿ, ಕೆಳಗೆ ಉರಿ ಇಟ್ಟು, ಅದರ ಕಾದ ಬೆನ್ನಿನ ಮೇಲೆ ಸಿಹಿ ಹಿಟ್ಟನ್ನು ಒಂದೇ ಎಳೆತಕ್ಕೆ ಎಳೆದು, ಗರಿಯಾದ ಕೂಡಲೇ ಬಿಡಿಸಿ ಮಡಚುವ ಆ ತಿಂಡಿಯನ್ನು ನಾನು ಮೂರೇ ಪದಗಳಲ್ಲಿ ಮುಗಿಸಿದ್ದೆ. "ಮಡಕೆಯ ಮೇಲಿನ ಹಾಳೆ."

ಅತ್ತೆ ಬೆರಳು ಮಡಚಿ ಎಣಿಸಿದರು. "ಮುದ್ದೆ, ದೋಸೆ, ಹಾಳೆ. ನಿನ್ನ ಇಂಗ್ಲಿಷು ಎಷ್ಟು ವರ್ಷ ಕಲ್ತಿದ್ದು ಮಾರಾಯ? ನಮ್ಮನೆ ನಾಯಿಗೆ ಹಾಕ್ದಾಗ್ಲೂ ಇದಕ್ಕಿಂತ ಒಳ್ಳೆ ಮಾತು ಹೇಳಿ ಹಾಕ್ತೆ ನಾನು."

ನಾನು ನನ್ನ ವಾದ ಹೂಡಿದೆ. ಸಾಹೇಬರಿಗೆ ಇದು ರುಚಿ ಎಂದು ಗೊತ್ತಾಗಬಾರದು ಅತ್ತೆ. ರುಚಿ ಎಂದರೆ ಭೋಗ, ಭೋಗಕ್ಕೆ ಯುದ್ಧದ ಕಾಲದಲ್ಲಿ ಬೆಲ್ಲ ಕೊಡುವುದಿಲ್ಲ. ಒಣಗಿಸಿ ಬರೆದಷ್ಟೂ ಇದು ಕರ್ತವ್ಯದ ಹಾಗೆ ಕಾಣುತ್ತದೆ. ಹೀಗೆ ನಾನು ಹೇಳಿದ್ದು ಸುಳ್ಳಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡ ತತ್ವ. ಆದರೆ ಅದರ ಹಿಂದೆ ಇನ್ನೊಂದು ಸತ್ಯವೂ ಇತ್ತು. ಚೆನ್ನಾಗಿ ಬರೆಯುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಗೊತ್ತಿಲ್ಲದವನಿಗೆ ಸಂಯಮ ಸುಲಭ.

ಅತ್ತೆಗೆ ನನ್ನ ತತ್ವ ಹಿಡಿಸಲಿಲ್ಲ. "ಆ ಮನುಷ್ಯ ನನ್ನ ಕಡುಬು ಕಂಡೋನಲ್ಲ, ತಿಂದೋನಲ್ಲ. ಅವ್ನಿಗೆ ಅದು ಎಂತ ಅಂತ ತಿಳಿಯೋದೇ ನಿನ್ನ ಕಾಗದದಿಂದ. ಅದ್ರಲ್ಲೇ ಮುದ್ದೆ ಅಂದ್ರೆ, ಅವ್ನ ಮನಸ್ನಲ್ಲಿ ನಾನು ಮುದ್ದೆ ಮಾಡೋಳೇ ಅಲ್ದಾ? ಬೆಲ್ಲ ಕೊಟ್ರೂ ಮುದ್ದೆಗೆ ಕೊಟ್ಟ ಹಂಗಾಯ್ತು. ಅದಕ್ಕೆ ನಾನು ಸಹಿ ಹಾಕದಿಲ್ಲ."

"ಬೆಲ್ಲ ಸಿಗದೆ ಹೋದರೆ?"

"ಸಿಗ್ದೆ ಹೋದ್ರೆ ಸಿಗ್ದೆ ಹೋಯ್ತು. ನಾನು ಹೇಳ್ತೆ, ನೀನು ಬರಿ."

ಹಾಗೆ ಅತ್ತೆ ಹೇಳಿದರು, ನಾನು ಬರೆದೆ. ಹೋಳಿಗೆಯನ್ನು ಮಡಿಪಂಚೆಯ ಹಾಗೆ ನಾಲ್ಕು ಮಡಿಕೆ ಮಾಡಿದರೂ ಹರಿಯಬಾರದು. ಬಾಯಿಗಿಟ್ಟರೆ ಜಗಿಯುವ ಮೊದಲೇ ಇಲ್ಲವಾಗಬೇಕು. ತೊಡೆದೇವನ್ನು ಪಂಚಾಂಗದ ಮೇಲಿಟ್ಟರೆ ಕೆಳಗಿನ ತಿಥಿ ಕಾಣಬೇಕು. ಕಡುಬು ಬಿಚ್ಚಿದಾಗ ಮೊದಲು ಹಬೆ ಬರಬೇಕು, ಹಬೆಯ ಹಿಂದೆ ಪರಿಮಳ, ಪರಿಮಳದ ಹಿಂದೆ ಹೂರಣ. ಪಂಚೆಗೆ ಇಂಗ್ಲಿಷಿನಲ್ಲೂ ಧೋತಿ ಎಂದೇ ಹಾಕಿದೆ. ತಿಥಿಗೆ ಏನು ಹಾಕುವುದೆಂದು ತಿಳಿಯದೆ ಅರ್ಧ ಗಂಟೆ ನಿಘಂಟನ್ನು ಮಗುಚಿದೆ. 'ಜಗಿಯುವ ಮೊದಲೇ ಇಲ್ಲವಾಗಬೇಕು' ಎಂಬುದು ನನ್ನ ಕೈಯಲ್ಲಿ ಕಳುವಿನ ವರದಿಯ ಹಾಗೆ ಬಂತು. ಹೊಡೆದು ಮತ್ತೆ ಬರೆದೆ. ವಿಚಿತ್ರವೆಂದರೆ, ಹೊಡೆದು ಬರೆದು ಮಾಡುತ್ತಿರುವಾಗ ಒಂದೆರಡು ವಾಕ್ಯ ತಾವಾಗಿ ಎದ್ದು ನಿಂತವು. ಅಲ್ಲಿಯವರೆಗೆ ಇಂಗ್ಲಿಷ್ ನನಗೆ ಬೇರೆಯವರ ಮನೆಯ ಊಟದ ಭಾಷೆಯಾಗಿತ್ತು. ನಮ್ಮ ಮನೆಯ ಪಾತ್ರೆಯನ್ನು ಅದರೊಳಗೆ ಇಟ್ಟು ನೋಡಿರಲಿಲ್ಲ. ಇಟ್ಟರೆ ಒಡೆಯುವುದಿಲ್ಲ ಎಂದು ತಿಳಿದು ಸಂತೋಷವಾಯಿತು. ಕೂಡಲೇ, ಇಷ್ಟು ಸಂತೋಷವಾದ ಮೇಲೆ ಇದು ಖಂಡಿತ ನಾಮಂಜೂರಾಗುತ್ತದೆ ಎನ್ನಿಸಿತು.

ಮತ್ತೊಮ್ಮೆ ಕನ್ನಡದಲ್ಲಿ ಹೇಳಿದಾಗ ಅತ್ತೆ ಕಣ್ಣು ಮುಚ್ಚಿ ಕೇಳಿ, "ಹಾಂ, ಇದು ಹೌದು" ಎಂದರು.

ಉಳಿದದ್ದು ಮೂರನೆಯ ಕಾಲಮ್ಮು, ಅಗತ್ಯ. ಧರ್ಮಶಾಸ್ತ್ರದ ಒಂದು ವಾಕ್ಯ ಸಿಕ್ಕಿದರೆ ಗಟ್ಟಿಯಾಗುತ್ತದೆಂದು, ಒಂದು ದಿನ ರಜೆ ಹಾಕಿ ಶೃಂಗೇರಿಗೆ ಹೋದೆ. ಅಲ್ಲಿ ನನಗೆ ಪರಿಚಯವಿದ್ದ ಒಬ್ಬ ವೃದ್ಧ ವಿದ್ವಾಂಸರು ತುಂಗೆಯ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದರು. ದೀಪಾವಳಿಗೆ ಕಡುಬು ಆಗಲೇಬೇಕೆಂದು ಎಲ್ಲಾದರೂ ಹೇಳಿದೆಯೇ ಎಂದು ಕೇಳಿದೆ.

"ನೈವೇದ್ಯ ಆಗ್ಬೇಕು ಅಂತ ಇದೆ" ಎಂದರು ಅವರು.

"ಎಷ್ಟು ಬೆಲ್ಲ ಎಂದು?"

"ದೇವರಿಗೆ ಒಂದು ಹರಳು ತೋರಿಸಿದ್ರೂ ಸಾಕು ಮಾರಾಯ. ಸಾಲದೆ ಇರೋದು ಅಳಿಯಂದಿರಿಗೆ. ಅವರ ವಿಷಯ ಶಾಸ್ತ್ರದಲ್ಲಿಲ್ಲ." ಪಂಚೆ ಕೊಡವಿದರು. ನನ್ನ ಕನ್ನಡಕದ ಮೇಲೆ ನೀರು ಹಾರಿತು.

ಶಾಸ್ತ್ರದ ಬಲವಿಲ್ಲದೆ ಆ ಕಾಲಮ್ಮಿನಲ್ಲಿ 'ರೂಢಿ' ಎಂಬರ್ಥದ ಒಂದು ಬಡಪಾಯಿ ಪದ ಬರೆದು, ಇಡೀ ಅರ್ಜಿಯನ್ನು ಶಾಲೆಯ ಒಳ್ಳೆಯ ಮಸಿಯಲ್ಲಿ ಶುದ್ಧಪ್ರತಿ ಮಾಡಿದೆ.

ಗೊತ್ತು ಮಾಡಿದ ದಿನ ಅತ್ತೆ ಬಸ್ಸಿನಿಂದ ಇಳಿದರು, ಮುಖದ ತುಂಬ ಇದ್ದಿಲ ಮಸಿ. ನನ್ನ ಮನೆಯಲ್ಲಿ ಮುಖ ತೊಳೆದು, ಶುದ್ಧಪ್ರತಿಯ ಕೆಳಗೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದರು. ಕಚೇರಿಯ ಜಗಲಿಯಲ್ಲಿ ನಮ್ಮ ಮುಂದೆ ನರಸಿಂಹರಾಜಪುರದ ಕಡೆಯ ಒಬ್ಬ ವ್ಯಾಪಾರಸ್ಥರು ಕೂತಿದ್ದರು. ವಿಭೂತಿ ಹಚ್ಚಿದ ಅಗಲವಾದ ಹಣೆ, ಕೈಯಲ್ಲಿ ಯಾರೋ ಬರೆದುಕೊಟ್ಟ ಇಂಗ್ಲಿಷ್ ಅರ್ಜಿ. ಒಳಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದರು.

"ಎಂತಾಯ್ತು?" ಎಂದು ಜವಾನ ಕೇಳಿದ.

"ಎಂತಾಗೋದು! ಸ್ವೀಟು ಅಂತ ಬರ್ದಿತ್ತಂತೆ. ಯಾವ ಸ್ವೀಟು, ಹೆಂಗಿರ್ತದೆ, ವಿವರ ಬರ್ಸ್ಕೊಂಡು ಬಾ ಅಂದ್ರು. ತಿನ್ನೋರು ನಾವು, ವಿವರ ಅವರಿಗ್ಯಾಕೆ?"

"ಬರೀ ವಿವರದಲ್ಲೇ ಹೊಟ್ಟೆ ತುಂಬಿಸ್ಕೊಳ್ತಾರೆ ಪಾಪ" ಎಂದ ಜವಾನ. "ಬಂದು ನಾಲ್ಕು ತಿಂಗ್ಳಾಯ್ತು, ಹೋಟ್ಲಿನ ಸಾರು ಬಿಟ್ಟು ಎಂತ ಕಂಡಿದಾರೆ? ಹೋಗಿ ಮೇಷ್ಟ್ರೆ, ನಿಮ್ದೇ."

ಸಾಹೇಬರು ತೆಳ್ಳಗಿನ ಮನುಷ್ಯ. ಅರ್ಜಿಯನ್ನು ಮನಸ್ಸಿನಲ್ಲೇ ಓದಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಗಟ್ಟಿಯಾಗಿ ಓದಿದರು. ಒಳಗೆ ಮೂವರು ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಅವರಲ್ಲೊಬ್ಬನ ಮಗ ನನ್ನ ತರಗತಿಯಲ್ಲಿದ್ದ. ನನ್ನ ವಾಕ್ಯಗಳು ಇನ್ನೊಬ್ಬರ ಗಂಟಲಲ್ಲಿ ಎಷ್ಟು ಉದ್ದ ಕೇಳುತ್ತವೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಪಂಚೆಯ ಸಾಲಿಗೆ ಬಂದು ಅವರು ಓದು ನಿಲ್ಲಿಸಿದರು.

"ಧೋತಿ?"

"ಉಪಮೆ ಸರ್" ಎಂದೆ, ಇಂಗ್ಲಿಷಿನಲ್ಲಿ.

"ಶುಭ್ರವಾದ ಧೋತಿಯೇ?"

"ಮಡಿ ಸರ್."

ತಲೆಯಾಡಿಸಿ ಮುಂದಕ್ಕೆ ಹೋದರು. ಹಬೆ, ಪರಿಮಳ, ಹೂರಣದ ಹತ್ತಿರ ಅವರ ದನಿ ಸಣ್ಣದಾಯಿತು. ಕೊನೆಯದನ್ನು ತಮ್ಮಷ್ಟಕ್ಕೇ ಓದಿಕೊಂಡರು. ನಂತರ ಬೆರಳನ್ನು ಮೂರನೆಯ ಕಾಲಮ್ಮಿನ ಮೇಲೆ ಇಟ್ಟು, ಸ್ವರೂಪ ಇಷ್ಟು ಬರೆದಿದ್ದೀರಿ, ಅಗತ್ಯದಲ್ಲಿ ಒಂದೇ ಪದವಿದೆ, ಏಕೆ ಎಂದು ಕೇಳಿದರು.

ನಾನು ಸಿದ್ಧಪಡಿಸಿಕೊಂಡಿದ್ದ ಉತ್ತರಗಳೆಲ್ಲ ಬೇರೆ ಪ್ರಶ್ನೆಗಳಿಗೆ ಇದ್ದವು. ಅತ್ತೆ ನನ್ನ ತೋಳು ತಿವಿದು, "ಎಂತ ಕೇಳ್ತಾರೆ?" ಎಂದರು. ಇದು ಯಾಕೆ ಬೇಕು ಎಂದು ಕೇಳುತ್ತಾರೆ ಎಂದೆ.

ಅತ್ತೆ ಸಾಹೇಬರ ಕಡೆಗೆ ತಿರುಗಿ ನೇರವಾಗಿ ಹೇಳಿದರು. "ನಿಮ್ಗೆ ಅಕ್ಕತಂಗೀರು ಇದಾರಾ? ಇದ್ರೆ ತಿಳೀತದೆ. ನನ್ನ ಕೂಸು ಇನ್ನೊಬ್ರ ಮನೇಲಿ ಬೆಲ್ಲದ ಡಬ್ಬಿ ಮುಟ್ಟಕ್ಕೆ ಹೆದರ್ತದೆ. ಅವಳ ಮದ್ವೇಲಿ ಸಿಹಿ ಕಮ್ಮಿ ಆಯ್ತು ಅಂತ ದಿನಾ ಮಾತು ಕೇಳ್ತಾಳೆ. ಅಳಿಯ ಒಂದ್ಸಲ ಹೊಟ್ಟೆ ತುಂಬ ಸಿಹಿ ಉಂಡು ಹೋದ್ರೆ ಅವಳು ತಲೆ ಎತ್ತಿ ಆ ಮನೇಲಿ ನಡೀತಾಳೆ. ದೇವರಿಗಲ್ಲ, ಶಾಸ್ತ್ರಕ್ಕಲ್ಲ. ಸುಳ್ಳು ಯಾಕೆ ಹೇಳ್ಲಿ?"

ನಾನು ಅದನ್ನು ಇಂಗ್ಲಿಷಿನಲ್ಲಿ, "ಇದೊಂದು ಸಾಮಾಜಿಕ ಪದ್ಧತಿ ಎನ್ನುತ್ತಾರೆ ಸರ್" ಎಂದು ಒಪ್ಪಿಸಿದೆ.

"ಅವರು ಇದಕ್ಕಿಂತ ಹೆಚ್ಚು ಮಾತಾಡಿದರು" ಎಂದರು ಸಾಹೇಬರು.

ಆಗ ಪೂರ್ತಿ ಹೇಳಬೇಕಾಯಿತು. ಡಬ್ಬಿ, ಹೆದರಿಕೆ, ತಲೆ ಎತ್ತಿ ನಡೆಯುವುದು, ಎಲ್ಲ. ಅವರು ಲೇಖನಿಯ ಮೂತಿಯನ್ನು ಒರಸುತ್ತ ಕೇಳಿದರು. ಹನ್ನೆರಡು ಅಚ್ಚು ಎಂದಿದ್ದ ಕಡೆ ಒಂದು ಗೆರೆ ಎಳೆದರು. ನಾನು ಕತ್ತು ಚಾಚಿ ನೋಡಿದೆ. ಅದು ಹೊಡೆದು ಹಾಕುವ ಗೆರೆಯಲ್ಲ, ಅಡಿಗೆರೆ. ಸಹಿ ಮಾಡಿ, ಮೊಹರು ಒತ್ತಿಸಿ ಕೊಟ್ಟರು.

ಹೊರಗೆ ಬಂದು ನೋಡಿದರೆ ಮೊಹರಿನಲ್ಲಿ ಒಂದು ಸಾಲಿತ್ತು: ಅರ್ಜಿಯಲ್ಲಿ ವಿವರಿಸಿದ ಪದಾರ್ಥಗಳಿಗೆ ಮಾತ್ರ, ವಿವರಿಸಿದ ಪ್ರಕಾರವೇ ತಯಾರಿಸತಕ್ಕದ್ದು. ಅದು ಎಲ್ಲ ಕಾಗದಗಳ ಮೇಲೂ ಬೀಳುವ ಮೊಹರು. ಜವಾನನನ್ನು ಕೇಳಿದ್ದರೆ ಹೇಳುತ್ತಿದ್ದ. ನಾನು ಅವನನ್ನು ಕೇಳದೆ, ದಾರಿಯುದ್ದಕ್ಕೂ ಅತ್ತೆಗೆ ವಿವರಿಸಿದೆ. ಷರತ್ತು ಹಾಕಿದ್ದಾರೆ ಅತ್ತೆ. ಯಾರಾದರೂ ತನಿಖೆಗೆ ಬಂದರೂ ಬರಬಹುದು. ಹೋದ ವರ್ಷ ಎಲ್ಲೋ ಮದುವೆಮನೆಗೆ ಬಂದಿದ್ದರಂತೆ. ಹಾಗೆ ಬಂದಿದ್ದನ್ನು ಯಾರು ಹೇಳಿದರೆಂದು ಅತ್ತೆ ಕೇಳಿದರು. ನನಗೆ ನೆನಪಾಗಲಿಲ್ಲ. ಬಹುಶಃ ನಾನೇ ಯಾವಾಗಲೋ ಕಲ್ಪಿಸಿಕೊಂಡದ್ದಿರಬೇಕು.

ಡಿಪೋದಲ್ಲಿ ಬೆಲ್ಲ ಇತ್ತು. ಕಲ್ಲಿರಲಿಲ್ಲ, ನಾನು ಒಂದು ಅಚ್ಚಿನ ಮೂಲೆಯನ್ನು ಅಲ್ಲೇ ಕಡಿದು ಪರೀಕ್ಷಿಸಿದೆ. ಅಳಿಯ ನೀರು ತುಂಬುವ ಹಬ್ಬದ ದಿನವೇ ಬಂದ. ದೊಡ್ಡ ನಗೆಯ, ಸಂಕೋಚವಿಲ್ಲದ ಹುಡುಗ. ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಮೊದಲ ದಿನ ಹೋಳಿಗೆ ಆಯಿತು, ಎರಡನೆಯ ದಿನ ತೊಡೆದೇವು. ಪಾಡ್ಯದ ದಿನ ಕಡುಬು. ನನ್ನನ್ನೂ ಅವತ್ತಿಗೆ ಕರೆದಿದ್ದರು.

ಬೆಳಿಗ್ಗೆ ಹೋದಾಗ ಅತ್ತೆ ಅಡಿಗೆಮನೆಯಲ್ಲಿ ಹಿಟ್ಟು ನಾದಿಟ್ಟು, ಹೂರಣ ಕೆದಕಿ ಇಳಿಸಿ, ಹಿತ್ತಿಲಿಗೆ ಹೋಗಲು ಕತ್ತಿ ಹಿಡಿದು ನಿಂತಿದ್ದರು. ಮಂಜೂರಾದ ಕಾಗದ ಒಲೆಯ ಪಕ್ಕದ ಗೂಡಿನಲ್ಲಿತ್ತು.

"ಬಂದ್ಯಾ? ಅದನ್ನೊಂದ್ಸಲ ಓದು. ಹೋಳಿಗೆ, ತೊಡೆದೇವು ಬರ್ದ ಹಂಗೇ ಆಗಿದೆ, ನಂಗೆ ನೆನಪಿದೆ. ಕಡುಬಿಂದು ಒಂದ್ಸಲ ಹೇಳ್ಬಿಡು, ಮನಸ್ಸಿಗೆ ಸಮಾಧಾನ."

ಓದುತ್ತ ಹೋದೆ. ಅಕ್ಕಿಹಿಟ್ಟನ್ನು ಹಣ್ಣಿನ ಸಿಪ್ಪೆಯಷ್ಟು ತೆಳ್ಳಗೆ ಹಚ್ಚಿ, ಕಾಯಿಬೆಲ್ಲದ ಹೂರಣವಿಟ್ಟು, ಬಾಳೆ ಎಲೆಯಲ್ಲಿ ಮಡಚಿ...

"ಎಂತ ಎಲೆ?"

ಮತ್ತೆ ನೋಡಿದೆ. ನನ್ನದೇ ಅಕ್ಷರ, ಶಾಲೆಯ ಒಳ್ಳೆಯ ಮಸಿ. "ಬಾಳೆ."

"ನಾನು ಬಾಳೆ ಅಂದಿದ್ನಾ?"

ಅಂದಿರಲಿಲ್ಲ. ಅವರು ಅಂದದ್ದು ಅರಿಶಿನದ ಎಲೆ, ಹಬೆಯ ಹಿಂದೆ ಬರಬೇಕಾದ ಪರಿಮಳ ಅದರದ್ದೇ. ಕರಡಿನಲ್ಲೂ ಅದೇ ಇತ್ತು. ಶುದ್ಧಪ್ರತಿ ಮಾಡುವಾಗ, ಅರಿಶಿನ ವ್ಯಾಪಾರದ ಸರಕಲ್ಲವೇ, ಅದರ ಎಲೆಯೂ ಯಾವುದಾದರೂ ಕಂಟ್ರೋಲಿನ ಪಟ್ಟಿಯಲ್ಲಿ ಇದ್ದರೆ, ಇದ್ದು ಸಾಹೇಬರು ಎಲೆಗೆ ಪರವಾನಗಿ ಎಲ್ಲಿ ಎಂದು ಕೇಳಿದರೆ, ಎಂದೆಲ್ಲ ತೋಚಿ, ಸರ್ಕಾರಕ್ಕೆ ಚೆನ್ನಾಗಿ ಪರಿಚಯವಿರುವ ನಿರಪಾಯದ ಬಾಳೆಯನ್ನು ಹಾಕಿಬಿಟ್ಟಿದ್ದೆ. ಬಹಳ ಜಾಣತನವೆಂದು ಆಗ ಅನ್ನಿಸಿತ್ತು. ಈ ಸಮಜಾಯಿಷಿಯನ್ನೆಲ್ಲ ಅತ್ತೆಗೆ ಹೇಳಿದೆ. ಅವರ ಮುಖ ನೋಡಿ ಕೊನೆಗೆ, "ಯಾರು ಬಂದು ನೋಡುತ್ತಾರೆ ಅತ್ತೆ? ಅರಿಶಿನದೆಲೆಯಲ್ಲೇ ಮಾಡಿ" ಎಂದೆ.

"ತನಿಖೆಗೆ ಬರ್ತಾರೆ ಅಂದೋನು ನೀನೇ ಅಲ್ದಾ?"

"ಬರಬಹುದು ಎಂದೆ, ಬರುತ್ತಾರೆ ಎನ್ನಲಿಲ್ಲ."

"ಬಂದ್ರೆ? ಅಳಿಯ ಎಲೆ ಮುಂದೆ ಕೂತಿರುವಾಗ ಬಂದು, ಕಾಗದದಲ್ಲಿ ಒಂದು, ಒಲೆ ಮೇಲೆ ಒಂದು, ಎಂತ ಇದು ಅಂತ ಕೇಳಿದ್ರೆ? ಕೂಸು ಆ ಮನೆಗೆ ಹೋಗಿ ಎಂತ ಮುಖ ತೋರಿಸ್ತದೆ? ಬೆಲ್ಲ ಕಮ್ಮಿ ಅಂದೋರು ನಾಳೆ ಬೆಲ್ಲ ಕದ್ದೋರು ಅಂತಾರೆ. ನಾನು ಅದಕ್ಕೆ ಸಹಿ ಹಾಕಿದೇನೆ ಮಾರಾಯ."

ನನ್ನ ಕಾಯಿಲೆ ಅವರಿಗೆ ಹತ್ತಿಬಿಟ್ಟಿತ್ತು. ಹೆದರಿಕೆಯ ವಿಷಯದಲ್ಲಿ ಜನ ನನ್ನ ಮಾತು ನಂಬಿದ್ದು ಅದೇ ಮೊದಲು. ಜವಾನನನ್ನು ಕೇಳಿ ಬರುತ್ತೇನೆ ಎಂದೆ; ಹಬ್ಬದ ದಿನ ಜವಾನ ಎಲ್ಲಿ, ಕೊಪ್ಪ ಎಲ್ಲಿ. ಅತ್ತೆ ಕತ್ತಿ ಹಿಡಿದುಕೊಂಡು ಹಿತ್ತಿಲ ಇನ್ನೊಂದು ಕಡೆಗೆ ಹೋಗಿ ಬಾಳೆ ಎಲೆ ಕೊಯ್ದು ತಂದು, ಬೆಂಕಿಗೆ ಬಾಡಿಸಿ, ಕಾಗದದಲ್ಲಿ ಬರೆದ ಪ್ರಕಾರ ಮಡಚಿ, ಹಬೆಗೆ ಇಟ್ಟರು.

ಊಟಕ್ಕೆ ಕೂತೆವು. ನಾನು ಅಂಗಳದ ಕಡೆಗೆ ಕಿವಿ ಕೊಟ್ಟುಕೊಂಡೇ ಉಂಡೆ. ತನಿಖೆಗೆ ಯಾರೂ ಬರಲಿಲ್ಲ. ಅಳಿಯ ಕಡುಬನ್ನು ಬಿಚ್ಚಿ, ತುಪ್ಪ ಹಾಕಿಸಿಕೊಂಡು, ಮೊದಲು ನಾಲ್ಕು ತಿಂದ, ಆಮೇಲೆ ಬೇಡ ಬೇಡ ಎನ್ನುತ್ತ ಮೂರು ತಿಂದ.

"ಸಾಕಾ?" ಎಂದರು ಅತ್ತೆ.

"ಇಷ್ಟು ಸಿಹಿ ನಾನು ಈ ಯುದ್ಧ ಶುರುವಾದ ಮೇಲೆ ಉಂಡಿಲ್ಲ ಅತ್ತೆ. ನಾಳೆ ಹೊರಡುವಾಗ ಅಮ್ಮಂಗೂ ಒಂದಿಷ್ಟು ಕಟ್ಟಿಕೊಡಿ. ತಿಂದು ನೋಡ್ಲಿ."

ಅತ್ತೆ ತುಪ್ಪದ ಗಿಂಡಿ ಹಿಡಿದುಕೊಂಡೇ ಗೋಡೆಯ ಕಡೆಗೆ ತಿರುಗಿ ಒಂದು ಗಳಿಗೆ ನಿಂತರು. ಬಾಗಿಲ ಹತ್ತಿರ ನಿಂತಿದ್ದ ಮಗಳು ಗಂಡನನ್ನು ನೋಡದೆ ತಾಯಿಯನ್ನು ನೋಡಿದಳು. ಸೆರಗು ಅವಳ ಕೈಯಲ್ಲಿರಲಿಲ್ಲ, ಹೆಗಲ ಮೇಲೇ ಇತ್ತು.

ಗಂಡಸರ ಊಟವಾಗಿ ಹೆಂಗಸರು ಕೂತರು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದೆ. ಮಗಳು ಮೊದಲ ಕಡುಬನ್ನು ಎಲೆಯ ಮೇಲೆ ಬಿಚ್ಚದೆ ಹಾಗೇ ಎತ್ತಿ, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಮುಖದ ಹತ್ತಿರ ಹಿಡಿದು, ಮಡಿಕೆ ತೆಗೆದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಕಣ್ಣು ಬಿಟ್ಟು ಮತ್ತೊಮ್ಮೆ ಮೂಸಿದಳು.

"ಅಮ್ಮ, ಈ ಸಲ ಅರಿಶಿನದೆಲೆ ಸಿಗ್ಲಿಲ್ವಾ?"

ಅವಳ ಬೆನ್ನ ಹಿಂದೆ ಹಿತ್ತಿಲ ಬಾಗಿಲು ತೆರೆದೇ ಇತ್ತು. ಆಚೆ ಅರಿಶಿನದ ಮಡಿಯಲ್ಲಿ ಎಲೆಗಳು ಸೊಂಟದೆತ್ತರ ನಿಂತಿದ್ದವು. ಅತ್ತೆ ನನ್ನನ್ನು ನೋಡಿದರು.

"ಸಿಗ್ಲಿಲ್ಲ ಕೂಸೆ" ಎಂದರು. "ಉಣ್ಣು."